ತುಕ್ಕು ಉಸಿರಾಡುವ ಬ್ಯಾಕ್ಟೀರಿಯಾ: ಬಲ್ಬಿನ ಸುದ್ದಿ, ಬೋರ್‌ವೆಲ್ಲಿನ ವಿಷ

ವರ್ಷಕ್ಕೊಂದೆರಡು ಸಲವಾದರೂ ಈ ಸುದ್ದಿ ಫೋನಿಗೆ ಬಂದು ಬೀಳುತ್ತೆ. ಕೆಸರಿನಿಂದ ಕರೆಂಟಂತೆ, ಮೂತ್ರದಿಂದ ಮೊಬೈಲ್ ಚಾರ್ಜಂತೆ, ಗಾಳಿಯ ತೇವದಿಂದ ವಿದ್ಯುತ್ತಂತೆ. ಜೊತೆಗೆ ಹಸಿರು ಹಿನ್ನೆಲೆಯ ಒಂದು ಬಲ್ಬಿನ ಚಿತ್ರ. ಒಳಗೆ ಓದಿದರೆ ಎಲ್ಲದರ ಹಿಂದೆಯೂ ಒಂದೇ ಪಾತ್ರಧಾರಿ: ತನ್ನ ಮೈಯಿಂದ ಹೊರಕ್ಕೆ ವಿದ್ಯುತ್ ಹರಿಸುವ ಬ್ಯಾಕ್ಟೀರಿಯಾ.

ಸುದ್ದಿ ಸುಳ್ಳಲ್ಲ. ಕೆಲವು ಬ್ಯಾಕ್ಟೀರಿಯಾಗಳು ಎಲೆಕ್ಟ್ರಾನುಗಳನ್ನು ಹೊರಗೆ ದಾಟಿಸುತ್ತವೆ, ಅದಕ್ಕಾಗಿ ತಂತಿಯನ್ನೂ ಕಟ್ಟಿಕೊಳ್ಳುತ್ತವೆ. ಇದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ. ನನ್ನ ತಕರಾರು ಇರೋದು ಆ ಬಲ್ಬಿನ ಚಿತ್ರದ ಮೇಲೆ. ಈ ಸೂಕ್ಷ್ಮಜೀವಿಗಳ ವಿದ್ಯುತ್ತು ಕೋಟ್ಯಂತರ ಜನರ ಬದುಕನ್ನು ಮುಟ್ಟಿದೆ ನಿಜ, ಆದರೆ ಮುಟ್ಟಿರೋದು ಬಲ್ಬಿನ ದಾರಿಯಲ್ಲಲ್ಲ, ಕುಡಿಯುವ ನೀರಿನ ದಾರಿಯಲ್ಲಿ. ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶದ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಬಂದದ್ದರ ಹಿಂದೆ ಇದೇ ಕುಟುಂಬದ ಬ್ಯಾಕ್ಟೀರಿಯಾಗಳ ಉಸಿರಾಟ ಇದೆ. ಅಲ್ಲಿಗೆ ಹೋಗೋಕೆ ಮುಂಚೆ, ಇವು ಕರೆಂಟನ್ನು ಹೇಗೆ ಹರಿಸುತ್ತವೆ ಅನ್ನೋದನ್ನು ಸರಿಯಾಗಿ ನೋಡಬೇಕು. ಯಾಕಂದ್ರೆ ಆ 'ಹೇಗೆ'ಯಲ್ಲೇ ವಿಷದ ಕತೆಯೂ ಇದೆ.

ಉಸಿರು ಅಂದರೆ ಏನು

ಉಸಿರಾಟ ಅಂದ ತಕ್ಷಣ ನಮಗೆ ಮೂಗು, ಶ್ವಾಸಕೋಶ ನೆನಪಾಗುತ್ತೆ. ಜೀವಕೋಶದ ಮಟ್ಟದಲ್ಲಿ ಮಾತ್ರ ಉಸಿರಾಟ ಅಂದರೆ ಎಲೆಕ್ಟ್ರಾನುಗಳ ಸಾಗಾಟ. ತಿಂದ ಆಹಾರ ಒಡೆದಾಗ ಅದರಿಂದ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಅವು ಕೋಶದೊಳಗಿನ ಪ್ರೋಟೀನುಗಳ ಮೂಲಕ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗುತ್ತವೆ, ಇಳಿಯುವಾಗ ಕೋಶಕ್ಕೆ ಶಕ್ತಿ ಸಿಗುತ್ತೆ. ಜಲವಿದ್ಯುತ್ ಸ್ಥಾವರದಲ್ಲಿ ಮೇಲಿಂದ ಬೀಳುವ ನೀರು ಟರ್ಬೈನ್ ತಿರುಗಿಸುತ್ತಲ್ಲ, ಥೇಟ್ ಹಾಗೆ. ಆದರೆ ಟರ್ಬೈನ್ ದಾಟಿದ ನೀರು ಹೊಳೆಗೆ ಹರಿದುಹೋಗಲೇಬೇಕು. ಆ ದಾರಿ ಕಟ್ಟಿಕೊಂಡರೆ ಮೇಲೆ ಎಷ್ಟೇ ನೀರಿದ್ದರೂ ಟರ್ಬೈನ್ ನಿಲ್ಲುತ್ತೆ. ನಮ್ಮ ಮೈಯಲ್ಲಿ ಆ ಕೊನೆಯ ಹೊಳೆ ಆಮ್ಲಜನಕ. ಎಲೆಕ್ಟ್ರಾನನ್ನು ಕೊನೆಗೆ ಎತ್ತಿಕೊಳ್ಳೋದು ಅದು. ಉಸಿರು ಕಟ್ಟಿದರೆ ನಾವು ಸಾಯೋದು ಎಲೆಕ್ಟ್ರಾನಿಗೆ ಹೋಗಲು ಜಾಗ ಇಲ್ಲದೆ.

ಈಗ ಒಂದು ನದಿಯ ತಳದ ಕೆಸರನ್ನೋ ನೀರು ನಿಂತ ಗದ್ದೆಯನ್ನೋ ನೆನೆಸಿಕೊಳ್ಳಿ. ಅಲ್ಲಿ ಆಹಾರ ಇದೆ, ಕೊಳೆತ ಎಲೆ, ಬೇರು, ಸತ್ತ ಹುಳ. ಆಮ್ಲಜನಕ ಮಾತ್ರ ಇಲ್ಲ. ಮೇಲಿನ ಕೆಲವು ಮಿಲಿಮೀಟರಿನಲ್ಲೇ ಅದು ಮುಗಿದುಹೋಗಿರುತ್ತೆ. ಆದರೆ ಮಣ್ಣಿನ ತುಂಬ ಇನ್ನೊಂದು ವಸ್ತು ಇದೆ: ಕಬ್ಬಿಣದ ತುಕ್ಕು. ಕೆಂಪು ಮಣ್ಣು ಕೆಂಪಗಿರೋದೇ ಅದರಿಂದ. ತುಕ್ಕಿಗೂ ಎಲೆಕ್ಟ್ರಾನ್ ಎತ್ತಿಕೊಳ್ಳುವ ಗುಣ ಇದೆ.

ಸಮಸ್ಯೆ ಏನಪ್ಪಾ ಅಂದ್ರೆ, ಆಮ್ಲಜನಕ ಅನಿಲ, ತಾನಾಗಿ ಕೋಶದೊಳಗೆ ನುಸುಳುತ್ತೆ. ತುಕ್ಕು ಘನ ವಸ್ತು, ಅದು ಒಳಗೆ ಬರೋದಿಲ್ಲ. ಗಾಳಿ ಒಳಗೆ ಬಾರದಿದ್ದರೆ ಶ್ವಾಸಕೋಶವನ್ನೇ ಹೊರಗೆ ಕಳಿಸಬೇಕು. ಈ ಬ್ಯಾಕ್ಟೀರಿಯಾಗಳು ಮಾಡಿದ್ದು ಅದನ್ನೇ.

1987ರಲ್ಲಿ ಅಮೆರಿಕದ ಪೊಟೋಮ್ಯಾಕ್ ನದಿಯ ಕೆಸರಿನಿಂದ ಡೆರೆಕ್ ಲವ್ಲಿ ಮತ್ತು ಸಂಗಡಿಗರು ಇಂಥದ್ದೊಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಮುಂದೆ ಅದಕ್ಕೆ ಜಿಯೋಬ್ಯಾಕ್ಟರ್ ಅಂತ ಹೆಸರಾಯಿತು. ಮರುವರ್ಷ, 1988ರಲ್ಲಿ, ಚಾರ್ಲ್ಸ್ ಮಾಯರ್ಸ್ ಮತ್ತು ಕೆನ್ ನೀಲ್ಸನ್ ನ್ಯೂಯಾರ್ಕ್ ರಾಜ್ಯದ ಒನೈಡಾ ಸರೋವರದಿಂದ ಇನ್ನೊಂದನ್ನು ತಂದರು. ಅದು ಮ್ಯಾಂಗನೀಸ್ ಆಕ್ಸೈಡನ್ನು ಉಸಿರಾಡುತ್ತಿತ್ತು. ಅದನ್ನು ಈಗ ಶೆವನೆಲ್ಲಾ ಅಂತ ಕರೆಯುತ್ತಾರೆ. ಹಾಗೆ ನೋಡಿದರೆ ಸುಳಿವು ಇದಕ್ಕೂ ಬಹಳ ಹಿಂದಿನದು. ಇಂಗ್ಲೆಂಡಿನ ಡರಮ್‌ನಲ್ಲಿ ಎಂ. ಸಿ. ಪಾಟರ್ ಎಂಬ ಸಸ್ಯವಿಜ್ಞಾನಿ 1911ರಲ್ಲೇ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಇದ್ದ ದ್ರಾವಣಕ್ಕೆ ಪ್ಲಾಟಿನಮ್ ಎಲೆಕ್ಟ್ರೋಡ್ ಇಳಿಸಿ ವೋಲ್ಟೇಜ್ ಅಳೆದಿದ್ದರು. ಆಗ ಯಾರೂ ಅದಕ್ಕೆ ಅಷ್ಟಾಗಿ ಗಮನ ಕೊಡಲಿಲ್ಲ.

ರಕ್ತದಲ್ಲಿರುವ ಕಬ್ಬಿಣವೇ ತಂತಿಯಲ್ಲೂ

ಎಲೆಕ್ಟ್ರಾನ್ ಹೊರಗೆ ಹೋಗುವ ದಾರಿಗಳು ಒಂದಲ್ಲ, ಹಲವು. ಶೆವನೆಲ್ಲಾ ತನ್ನ ಹೊರಪೊರೆಗೆ ಅಡ್ಡಲಾಗಿ ಪ್ರೋಟೀನುಗಳ ಒಂದು ಸಂಕವನ್ನೇ ಹಾಕಿಕೊಂಡಿದೆ. ಅದರ ಮೇಲೆ ಎಲೆಕ್ಟ್ರಾನ್ ನಡೆದು ಹೊರಗಿನ ಖನಿಜವನ್ನು ಮುಟ್ಟುತ್ತೆ. ದೂರದ ಖನಿಜಕ್ಕೆ ಇನ್ನೊಂದು ಉಪಾಯ: ಫ್ಲೇವಿನ್ ಎಂಬ ಅಣುಗಳನ್ನು ಹೊರಗೆ ಬಿಡೋದು. ಅವು ಎಲೆಕ್ಟ್ರಾನ್ ಹೊತ್ತು ಹೋಗಿ, ಇಳಿಸಿ, ಖಾಲಿ ಕೈಯಲ್ಲಿ ವಾಪಸ್ ಬರುತ್ತವೆ, ಟ್ರಿಪ್ ಹೊಡೆಯುವ ಟೆಂಪೋ ಹಾಗೆ. ಈ ಫ್ಲೇವಿನ್ ಯಾವುದು ಗೊತ್ತಾ? ನಮ್ಮ ಬಿ-ಕಾಂಪ್ಲೆಕ್ಸ್ ಮಾತ್ರೆಯಲ್ಲಿರುವ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್, ಮತ್ತು ಅದರ ನೆಂಟರು.

ಜಿಯೋಬ್ಯಾಕ್ಟರ್ ತಂತಿ ಎಳೆಯುತ್ತೆ. ಈ ತಂತಿ ಯಾವುದರಿಂದ ಆಗಿದೆ ಅನ್ನೋದರ ಮೇಲೆ ವಿಜ್ಞಾನಿಗಳ ನಡುವೆ ನಡೆದ, ಈಗಲೂ ಪೂರ್ತಿ ತಣ್ಣಗಾಗದ ಜಗಳ ನನಗೆ ಈ ಕತೆಯ ಅತ್ಯಂತ ಇಷ್ಟದ ಭಾಗ. 2005ರಲ್ಲಿ ಜೆಮ್ಮಾ ರೆಗೇರಾ, ಲವ್ಲಿ ಮತ್ತಿತರರು 'ನೇಚರ್' ಪತ್ರಿಕೆಯಲ್ಲಿ ಬರೆದರು: ಜಿಯೋಬ್ಯಾಕ್ಟರಿನ ಮೈಮೇಲಿನ ಪಿಲಿ ಎಂಬ ಕೂದಲಿನಂಥ ಪ್ರೋಟೀನ್ ಎಳೆಗಳೇ ವಿದ್ಯುತ್ ತಂತಿಗಳು ಅಂತ. 'ಸೂಕ್ಷ್ಮಜೀವಿಗಳ ನ್ಯಾನೋತಂತಿ' ಅನ್ನೋ ಮಾತು ಚಲಾವಣೆಗೆ ಬಂದದ್ದೇ ಅಲ್ಲಿಂದ. ಪ್ರೋಟೀನು ಲೋಹದ ಹಾಗೆ ಕರೆಂಟ್ ಹರಿಸೋದು ಹೇಗೆ ಅಂತ ಹಲವರು ಹುಬ್ಬೇರಿಸಿದರು.

ಹದಿನಾಲ್ಕು ವರ್ಷ ಕಳೆದ ಮೇಲೆ, 2019ರಲ್ಲಿ, ಯೇಲ್ ವಿಶ್ವವಿದ್ಯಾಲಯದ ನಿಖಿಲ್ ಮಾಲ್ವಂಕರ್, ವರ್ಜೀನಿಯಾ ವಿಶ್ವವಿದ್ಯಾಲಯದ ಎಡ್ವರ್ಡ್ ಈಗಲ್ಮನ್ ಮತ್ತವರ ಸಂಗಡಿಗರು ಆ ಎಳೆಗಳನ್ನು ಹೆಪ್ಪುಗಟ್ಟಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಣು ಅಣುವಾಗಿ ನೋಡಿದರು. ಕಂಡದ್ದು ಪಿಲಿ ಅಲ್ಲ. ಓಎಂಸಿಎಸ್ ಎಂಬ ಸೈಟೋಕ್ರೋಮ್ ಪ್ರೋಟೀನು, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದವಾಗಿ ನಿಂತಿತ್ತು. ಪ್ರತಿಯೊಂದರಲ್ಲೂ ಆರು ಹೀಮ್‌ಗಳು. ಹೀಮ್ ಅಂದರೆ ನಡುವೆ ಒಂದು ಕಬ್ಬಿಣದ ಪರಮಾಣು ಕೂತಿರುವ ಚಪ್ಪಟೆ ಅಣು. ನಮ್ಮ ರಕ್ತ ಕೆಂಪಗಿರೋದಕ್ಕೂ ಅದೇ ಕಾರಣ. ಈ ಹೀಮ್‌ಗಳು ಒಂದರ ಪಕ್ಕ ಒಂದು ಎಷ್ಟು ಒತ್ತಾಗಿ ಕೂತಿವೆ ಅಂದರೆ ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಾ ಎಳೆಯ ಉದ್ದಕ್ಕೂ ಸಾಗಬಹುದು. ಹೊಳೆಯಲ್ಲಿ ಕಲ್ಲಿಂದ ಕಲ್ಲಿಗೆ ಹೆಜ್ಜೆ ಇಟ್ಟು ದಾಟುತ್ತೀವಲ್ಲ, ಹಾಗೆ. ತಂತಿಯ ದಪ್ಪ ಸುಮಾರು 4 ನ್ಯಾನೋಮೀಟರ್. ನಮ್ಮ ತಲೆಗೂದಲನ್ನು ಉದ್ದಕ್ಕೆ ಇಪ್ಪತ್ತು ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟಿರಬಹುದೋ ಅಷ್ಟು. ಉದ್ದ ಮಾತ್ರ ಬ್ಯಾಕ್ಟೀರಿಯಾದ ಮೈಯ ಹಲವು ಪಟ್ಟು.

2021ರಲ್ಲಿ ಅದೇ ಯೇಲ್ ಗುಂಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪಿಲಿ ತಂತಿಯಲ್ಲ, ತಂತಿಯನ್ನು ಕೋಶದಿಂದ ಹೊರಗೆ ತಳ್ಳುವ ಪಿಸ್ಟನ್ ಅದು ಅಂತ ವಾದಿಸಿತು. ಲವ್ಲಿ ಒಪ್ಪಲಿಲ್ಲ. ಪಿಲಿಯೂ ಕರೆಂಟ್ ಹರಿಸುತ್ತೆ ಅನ್ನೋದು ಅವರ ನಿಲುವು. ಇನ್ನು ಶೆವನೆಲ್ಲಾದ 'ತಂತಿ'ಯ ಕತೆಯಂತೂ ಬೇರೆಯೇ ಆಯಿತು. 2014ರಲ್ಲಿ ಮೊಹಮ್ಮದ್ ಎಲ್-ನಗ್ಗರ್ ಗುಂಪು ತೋರಿಸಿದ ಪ್ರಕಾರ ಅದು ತಂತಿಯೇ ಅಲ್ಲ, ಕೋಶದ ಹೊರಪೊರೆ ಉದ್ದಕ್ಕೆ ಚಾಚಿಕೊಂಡ ಬಾಲ. ನನ್ನ ಮಟ್ಟಿಗೆ ಸೈಟೋಕ್ರೋಮ್ ಕಡೆಯ ಪುರಾವೆ ಹೆಚ್ಚು ಗಟ್ಟಿ. ಅಣುವಿನ ರಚನೆ ಕಣ್ಣೆದುರಿಗಿದೆ, ಹೀಮ್‌ಗಳ ಸಾಲೂ ಕಾಣುತ್ತಿದೆ.

ಡೆನ್ಮಾರ್ಕಿನ ಆರ್ಹಸ್ ಕೊಲ್ಲಿಯ ಕೆಸರಿನಲ್ಲಿ ಸಿಕ್ಕಿದ್ದು ಇವೆಲ್ಲಕ್ಕಿಂತ ದೊಡ್ಡದು. ಲಾರ್ಸ್ ಪೀಟರ್ ನೀಲ್ಸನ್ ತಂಡಕ್ಕೆ ಒಂದು ವಿಚಿತ್ರ ಕಂಡಿತ್ತು. ಕೆಸರಿನ ಮೇಲ್ಪದರದಲ್ಲಿ ಆಮ್ಲಜನಕ ಹೆಚ್ಚು ಕಮ್ಮಿ ಮಾಡಿದರೆ, ಸೆಂಟಿಮೀಟರುಗಳಷ್ಟು ಕೆಳಗೆ ಸಲ್ಫೈಡಿನ ಲೆಕ್ಕ ಬದಲಾಗುತ್ತಿತ್ತು. ಅದೂ ರಾಸಾಯನಿಕಗಳು ಹರಡಿಕೊಂಡು ಹೋಗುವ ವೇಗಕ್ಕೆ ಹೊಂದದಷ್ಟು ಬೇಗ. ನಡುವೆ ಕರೆಂಟ್ ಹರಿಯುತ್ತಿರಬೇಕು ಅಂತ 2010ರಲ್ಲಿ ಬರೆದರು. 2012ರಲ್ಲಿ ಆ ತಂತಿ ಸಿಕ್ಕಿತು: ಸಾವಿರಾರು ಕೋಶಗಳು ಸಾಲಾಗಿ ಜೋಡಿಕೊಂಡ, ಸೆಂಟಿಮೀಟರುಗಟ್ಟಲೆ ಉದ್ದದ ಒಂದು ಜೀವಂತ ಕೇಬಲ್. ಕೆಳಗಿನ ಕೋಶಗಳು ಸಲ್ಫೈಡ್ ತಿನ್ನುತ್ತವೆ, ಮೇಲಿನವು ಆಮ್ಲಜನಕ ಉಸಿರಾಡುತ್ತವೆ. ಒಬ್ಬರು ಉಂಡು, ಇನ್ನೊಬ್ಬರು ಉಸಿರಾಡಿ, ಇಬ್ಬರೂ ಬದುಕುವ ಸಂಸಾರ. ಇವಕ್ಕೆ ಕೇಬಲ್ ಬ್ಯಾಕ್ಟೀರಿಯಾ ಅಂತಲೇ ಹೆಸರು.

ಬಲ್ಬಿನ ಲೆಕ್ಕ

ಸರಿ, ಇಷ್ಟೆಲ್ಲ ಇದ್ದ ಮೇಲೆ ಕರೆಂಟ್ ಬಿಲ್ ಕಟ್ಟೋದು ತಪ್ಪುತ್ತಾ? ಇಲ್ಲ. ತುಕ್ಕಿನ ಬದಲು ಕಾರ್ಬನ್ ಎಲೆಕ್ಟ್ರೋಡ್ ಇಟ್ಟರೆ ಬ್ಯಾಕ್ಟೀರಿಯಾ ಅದಕ್ಕೇ ಎಲೆಕ್ಟ್ರಾನ್ ಸುರಿಯುತ್ತೆ, ನಿಜ. ಆದರೆ ಇಂಥ ಒಂದು ಘಟಕದಿಂದ ಸಿಗೋದು ಸುಮಾರು ಅರ್ಧ ವೋಲ್ಟ್. ಪ್ರಯೋಗಾಲಯದ ಒಳ್ಳೆಯ ಸ್ಥಿತಿಯಲ್ಲೂ ಒಂದು ಚದರ ಮೀಟರ್ ಎಲೆಕ್ಟ್ರೋಡಿಗೆ ಕೆಲವು ವ್ಯಾಟ್. ಅಷ್ಟೇ ಅಗಲದ ಸೋಲಾರ್ ಫಲಕ ಒಳ್ಳೆ ಬಿಸಿಲಲ್ಲಿ 200 ವ್ಯಾಟ್ ಆಸುಪಾಸು ಕೊಡುತ್ತೆ.

ಉಪಯೋಗವೇ ಇಲ್ಲ ಅಂತಲ್ಲ. ಅಮೆರಿಕದ ನೌಕಾಪಡೆಯ ಸಂಶೋಧನಾಲಯ ನೀರಿನ ತಳದ ಕೆಸರಿನಿಂದಲೇ ಹವಾಮಾನ ಅಳೆಯುವ ತೇಲುಯಂತ್ರವೊಂದನ್ನು ನಡೆಸಿ 2008ರಲ್ಲಿ ವರದಿ ಮಾಡಿತು. ಬೇಕಿದ್ದದ್ದು ಕೆಲವು ಹತ್ತು ಮಿಲಿವ್ಯಾಟ್ ಮಾತ್ರ, ಬ್ಯಾಟರಿ ಬದಲಿಸಲು ಯಾರೂ ಹೋಗಬೇಕಿರಲಿಲ್ಲ. 2015ರಲ್ಲಿ ಬ್ರಿಸ್ಟಲ್‌ನ ಸಂಶೋಧಕರು ಆಕ್ಸ್‌ಫ್ಯಾಮ್ ಜೊತೆ ಸೇರಿ, ಮೂತ್ರದಿಂದಲೇ ಎಲ್‌ಇಡಿ ದೀಪ ಉರಿಸುವ ಶೌಚಾಲಯ ಮಾಡಿದರು. ನಿರಾಶ್ರಿತರ ಶಿಬಿರದಲ್ಲಿ ರಾತ್ರಿ ಹೆಂಗಸರು ಕತ್ತಲೆಯ ಶೌಚಾಲಯಕ್ಕೆ ಹೋಗುವ ಭಯ ಕಡಿಮೆಯಾಗಲಿ ಅನ್ನೋದು ಉದ್ದೇಶ. ಗೌರವಿಸಬೇಕಾದ ಕೆಲಸ. ಗಾಳಿಯ ತೇವದಿಂದ ವಿದ್ಯುತ್ ಅನ್ನುವ 2020ರ ಸುದ್ದಿಯ ಗತಿ ಬೇರೆ. ಜಿಯೋಬ್ಯಾಕ್ಟರಿನ ತಂತಿಗಳ ತೆಳು ಹಾಳೆಯೊಂದು ಅರ್ಧ ವೋಲ್ಟ್ ಕೊಟ್ಟಿದ್ದು ಹೌದು. ಆದರೆ 2023ರಲ್ಲಿ ಅದೇ ಪ್ರಯೋಗಾಲಯದವರೇ, ಅತಿ ಸಣ್ಣ ರಂಧ್ರಗಳಿರುವ ಬೇರೆ ವಸ್ತುಗಳೂ ಈ ಕೆಲಸ ಮಾಡುತ್ತವೆ, ಬ್ಯಾಕ್ಟೀರಿಯಾದ ತಂತಿಯೇ ಬೇಕಂತಿಲ್ಲ ಅಂತ ತೋರಿಸಿದರು. ಈ ಎರಡನೇ ಸುದ್ದಿ ನಿಮ್ಮ ವಾಟ್ಸಾಪಿಗೆ ಬಂತಾ?

ಗದ್ದೆಯ ಏಣಿ

ಬಲ್ಬು ಬಿಟ್ಟು ಗದ್ದೆಗೆ ಬನ್ನಿ. ನೀರು ನಿಲ್ಲಿಸಿದ ಬತ್ತದ ಗದ್ದೆಯ ಕೆಸರಲ್ಲಿ ಎಲೆಕ್ಟ್ರಾನ್ ಎತ್ತಿಕೊಳ್ಳೋರ ಒಂದು ಏಣಿ ಇದೆ. ಮೊದಲು ಆಮ್ಲಜನಕ ಖಾಲಿ. ಆಮೇಲೆ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣದ ತುಕ್ಕು, ಸಲ್ಫೇಟ್. ಎಲ್ಲ ಮುಗಿದಾಗ ಕಟ್ಟಕಡೆಯಲ್ಲಿ ಮೀಥೇನ್ ಮಾಡುವ ಜೀವಿಗಳ ಸರದಿ. ಕೆಂಪು ಮಣ್ಣು ಕೆಸರಾಗಿ ಕೆಲವು ವಾರಕ್ಕೆ ಬೂದು, ಕಪ್ಪು ಬಣ್ಣಕ್ಕೆ ತಿರುಗೋದು ತುಕ್ಕು ಉಸಿರಾಗಿ ಖರ್ಚಾಗಿದ್ದರಿಂದ. ತುಕ್ಕು ಎಲೆಕ್ಟ್ರಾನ್ ಪಡೆದ ಮೇಲೆ ಕರಗಿ ನೀರಿಗೆ ಸೇರುತ್ತೆ.

ಇದನ್ನು ನೋಡೋಕೆ ಪ್ರಯೋಗಾಲಯ ಬೇಕಿಲ್ಲ. ಬತ್ತದ ಬುಡ ಕಿತ್ತು ಬೇರು ತೊಳೆದು ನೋಡಿ, ತುಕ್ಕಿನ ಲೇಪ ಕಾಣುತ್ತೆ. ಬತ್ತ ತನ್ನ ಕಾಂಡದ ಮೂಲಕ ಬೇರಿಗೆ ಗಾಳಿ ಇಳಿಸುತ್ತೆ, ಕರಗಿದ್ದ ಕಬ್ಬಿಣ ಅಲ್ಲಿ ಮತ್ತೆ ತುಕ್ಕಾಗುತ್ತೆ. ಮಲೆನಾಡಿನ ತೋಟದ ಬಸಿಗಾಲುವೆಗಳಲ್ಲಿ ನಿಂತ ನೀರಿನ ಮೇಲೆ ಡೀಸೆಲ್ ಚೆಲ್ಲಿದ ಹಾಗೆ ಬಣ್ಣಬಣ್ಣದ ಪೊರೆ ಕಟ್ಟಿರುತ್ತಲ್ಲ, ಅದೂ ಬಹಳ ಸಲ ಇದೇ. ಕಡ್ಡಿಯಿಂದ ಚುಚ್ಚಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತೆ, ಕಬ್ಬಿಣದ ಪೊರೆಯಾದರೆ ಗಾಜಿನ ಹಾಗೆ ಚೂರು ಚೂರಾಗುತ್ತೆ.

ಏಣಿಯ ಕೊನೆಯಲ್ಲಿ ತಂತಿಗಳು ಎರಡೂ ಕಡೆ ಆಡುತ್ತವೆ. 2014ರಲ್ಲಿ ಲವ್ಲಿ ಗುಂಪು ತೋರಿಸಿದಂತೆ, ಜಿಯೋಬ್ಯಾಕ್ಟರ್ ತನ್ನ ಎಲೆಕ್ಟ್ರಾನನ್ನು ನೇರವಾಗಿ ಮೀಥೇನ್ ಮಾಡುವ ಜೀವಿಗಳ ಕೈಗೇ ಕೊಡಬಲ್ಲದು. ಗೋಬರ್ ಗ್ಯಾಸ್ ಗುಂಡಿಯಲ್ಲಿ ನಮಗೆ ಬೇಕಾದ್ದೇ ಅದು, ಗದ್ದೆಯಲ್ಲಿ ಬೇಡವಾದದ್ದೂ ಅದೇ. ಇನ್ನೊಂದು ಕಡೆ, 2020ರಲ್ಲಿ ಜರ್ಮನಿ ಮತ್ತು ಡೆನ್ಮಾರ್ಕಿನ ಸಂಶೋಧಕರು ಬತ್ತ ಬೆಳೆದ ಕುಂಡಗಳಿಗೆ ಕೇಬಲ್ ಬ್ಯಾಕ್ಟೀರಿಯಾ ಸೇರಿಸಿದಾಗ ಮೀಥೇನ್ 93 ಶೇಕಡಾ ಇಳಿಯಿತು. ಕೇಬಲ್‌ಗಳು ಸಲ್ಫೈಡನ್ನು ಮತ್ತೆ ಸಲ್ಫೇಟ್ ಮಾಡುತ್ತವೆ. ಏಣಿಯಲ್ಲಿ ಮೇಲಿನ ಮೆಟ್ಟಿಲು ಮತ್ತೆ ತುಂಬಿಕೊಂಡಾಗ ಕೆಳಗಿನ ಮೀಥೇನ್‌ನವರಿಗೆ ಆಹಾರ ಸಿಗೋದಿಲ್ಲ. ಕುಂಡದ ಫಲಿತಾಂಶ ಅದು, ಗದ್ದೆಯದ್ದಲ್ಲ. ಗದ್ದೆಯಲ್ಲಿ ಈಗಲೇ ಗೊತ್ತಿರುವ ಉಪಾಯ ಅಂದರೆ ನೀರನ್ನು ಆಗಾಗ ಬಸಿದು ಮತ್ತೆ ಕಟ್ಟೋದು. ಹಾಗೆ ಬಸಿದಾಗ ಗಾಳಿ ಒಳಗೆ ಹೋಗಿ ಏಣಿ ಮತ್ತೆ ಮೇಲಿಂದ ಶುರುವಾಗುತ್ತೆ. ಆದರೆ ಬಸಿದ ನೀರು ಬೇಕಾದಾಗ ಮತ್ತೆ ಸಿಗುತ್ತೆ ಅನ್ನುವ ನಂಬಿಕೆ ಯಾರಿಗಿದೆ? ತುಂಗಭದ್ರಾ ಕಾಲುವೆಯ ಕೊನೇ ಭಾಗದ ರೈತನಿಗೆ ಈ ಸಲಹೆ ಕೊಡೋ ಮುಂಚೆ ಅವನ ಪಾಲಿನ ನೀರಿನ ಮಾತಾಡಬೇಕಾಗುತ್ತೆ.

ಬಂಗಾಳದ ಕೆಳಗೆ

ಈಗ ಇದೇ ಏಣಿಯನ್ನು ಇಪ್ಪತ್ತು, ಐವತ್ತು, ನೂರು ಮೀಟರ್ ಆಳಕ್ಕೆ ಇಳಿಸಿ. ಗಂಗಾ, ಬ್ರಹ್ಮಪುತ್ರ ನದಿಗಳು ಹಿಮಾಲಯದಿಂದ ಸಾವಿರಾರು ವರ್ಷ ಮರಳು, ಮಣ್ಣು ತಂದು ಬಂಗಾಳದಲ್ಲಿ ಪೇರಿಸಿವೆ. ಆ ಮರಳಿನ ಕಣಗಳ ಮೇಲೆ ತುಕ್ಕಿನ ಲೇಪ ಇದೆ, ಲೇಪಕ್ಕೆ ಒಂದಿಷ್ಟು ಆರ್ಸೆನಿಕ್ ಅಂಟಿಕೊಂಡಿದೆ. ಅಂಟಿಕೊಂಡಿರುವಷ್ಟು ಹೊತ್ತು ಅದರಿಂದ ತೊಂದರೆ ಇಲ್ಲ.

1970ರ ದಶಕದಿಂದ ಸರಕಾರಗಳೂ ಯುನಿಸೆಫ್‌ನಂಥ ಸಂಸ್ಥೆಗಳೂ ಅಲ್ಲಿನ ಹಳ್ಳಿಗಳಲ್ಲಿ ಕೈಪಂಪಿನ ಕೊಳವೆಬಾವಿಗಳಿಗೆ ಒತ್ತು ಕೊಟ್ಟವು. ಕೆರೆ, ಕೊಳದ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದ ಕಾಲ ಅದು. ಉದ್ದೇಶ ಒಳ್ಳೆಯದೇ, ನೆಲದಡಿಯ ನೀರಲ್ಲಿ ರೋಗಾಣು ಇಲ್ಲ ಅನ್ನೋದೂ ನಿಜವೇ. ಆರ್ಸೆನಿಕ್ ಇದೆಯಾ ಅಂತ ಯಾರೂ ನೋಡಲಿಲ್ಲ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಅಂಗೈ, ಅಂಗಾಲು ಗಂಟುಗಂಟಾಗಿ ಒರಟಾಗುತ್ತೆ, ಮೈಮೇಲೆ ಮಚ್ಚೆ ಏಳುತ್ತೆ, ಆಮೇಲೆ ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್. 1983ರಲ್ಲಿ ಕೋಲ್ಕತ್ತದ ಚರ್ಮವೈದ್ಯ ಕೆ. ಸಿ. ಸಾಹಾ ಪಶ್ಚಿಮ ಬಂಗಾಳದ ಹಳ್ಳಿಗರಲ್ಲಿ ಇದನ್ನು ಗುರುತಿಸಿದರು. ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಹಳ್ಳಿ ಹಳ್ಳಿ ಸುತ್ತಿ ನೀರಿನ ಮಾದರಿ ಹೊತ್ತು ತಂದು ವರ್ಷಗಟ್ಟಲೆ ಕೂಗಿದರು. ಬಾಂಗ್ಲಾದೇಶದಲ್ಲಿ ಅಧಿಕೃತವಾಗಿ ಪತ್ತೆಯಾಗಿದ್ದು 1993ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಲನ್ ಸ್ಮಿತ್ ಮತ್ತಿತರರು ಇದನ್ನು ಇತಿಹಾಸದಲ್ಲೇ ಅತಿ ದೊಡ್ಡ ಸಾಮೂಹಿಕ ವಿಷಪ್ರಾಶನ ಅಂತ ಬರೆದರು. ಅವರ ಅಂದಾಜಿನಲ್ಲಿ ಆಗಿನ ಬಾಂಗ್ಲಾದೇಶದ 12.5 ಕೋಟಿ ಜನರಲ್ಲಿ 3.5 ಕೋಟಿಯಿಂದ 7.7 ಕೋಟಿ ಮಂದಿ ಅಪಾಯದಲ್ಲಿದ್ದರು.

ಆರ್ಸೆನಿಕ್ ತುಕ್ಕಿನಿಂದ ಬಿಟ್ಟು ನೀರಿಗೆ ಬಂದದ್ದು ಹೇಗೆ? ಈ ಪ್ರಶ್ನೆಗೆ ರಾಜಕೀಯ ತೂಕವೂ ಇತ್ತು. ಮೊದಲ ವಾದ: ನೀರಾವರಿಗೆ ವಿಪರೀತ ಪಂಪ್ ಮಾಡಿ ನೀರಿನ ಮಟ್ಟ ಇಳಿಯಿತು, ಗಾಳಿ ಒಳಗೆ ಹೋಗಿ ಆರ್ಸೆನಿಕ್ ಇರುವ ಗಂಧಕದ ಖನಿಜ ಒಡೆಯಿತು. ಅಂದರೆ ತಪ್ಪು ರೈತರ ಪಂಪಿನದು. 1998ರಲ್ಲಿ ರಾಸ್ ನಿಕ್ಸನ್, ಜಾನ್ ಮೆಕಾರ್ಥರ್ ಮತ್ತಿತರರು ಇದಕ್ಕೆ ಉಲ್ಟಾ ಹೇಳಿದರು. ಆಮ್ಲಜನಕ ಇಲ್ಲದ, ಕರಗಿದ ಕಬ್ಬಿಣ ತುಂಬಿದ ನೀರಲ್ಲೇ ಆರ್ಸೆನಿಕ್ ಹೆಚ್ಚು. ಹಾಗಾಗಿ ಗಾಳಿ ಒಳಹೊಕ್ಕಿದ್ದು ಕಾರಣವಲ್ಲ, ಗಾಳಿ ಇಲ್ಲದಲ್ಲಿ ತುಕ್ಕು ಕರಗಿದ್ದು ಕಾರಣ. ಕರಗಿಸಿದವರು ಯಾರು ಅನ್ನೋದಕ್ಕೆ 2004ರಲ್ಲಿ ಉತ್ತರ ಬಂತು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಫರ್ಹಾನಾ ಇಸ್ಲಾಂ, ಜೊನಾಥನ್ ಲಾಯ್ಡ್ ಮತ್ತಿತರರು ಪಶ್ಚಿಮ ಬಂಗಾಳದ ನೆಲದಡಿಯ ಮಣ್ಣನ್ನು ಗಾಳಿ ತಾಗದಂತೆ ಬಾಟಲಿಯಲ್ಲಿಟ್ಟು, ಅಸಿಟೇಟ್ ಎಂಬ ಆಹಾರ ಹಾಕಿದರು. ಬ್ಯಾಕ್ಟೀರಿಯಾ ಮೊದಲು ಕಬ್ಬಿಣವನ್ನು ಉಸಿರಾಡಿದವು, ಅದರ ಹಿಂದೆಯೇ ಆರ್ಸೆನಿಕ್ ನೀರಿಗೆ ಬಂತು. ಅಲ್ಲಿ ಹೆಚ್ಚಿದ ಬ್ಯಾಕ್ಟೀರಿಯಾ ಯಾವ ಕುಟುಂಬದ್ದು? ಜಿಯೋಬ್ಯಾಕ್ಟರ್.

ಆಳದಲ್ಲಿ ಈ ಬ್ಯಾಕ್ಟೀರಿಯಾಗಳಿಗೆ ಆಹಾರ ಎಲ್ಲಿಂದ ಬರುತ್ತೆ ಅನ್ನೋದರ ಮೇಲೆ ಇನ್ನೂ ವಾದ ಇದೆ. ಹಿಂದೆಂದೋ ಹೂತುಹೋದ ಸಸ್ಯರಾಶಿಯೇ ಸಾಕು ಅನ್ನುತ್ತಾರೆ ಕೆಲವರು. ಊರಿನ ಕೊಳಗಳ ಸಾವಯವ ಕಸವನ್ನು ಪಂಪುಗಳು ಕೆಳಕ್ಕೆ ಎಳೆಯುತ್ತಿವೆ ಅನ್ನುತ್ತಾರೆ ಇನ್ನು ಕೆಲವರು. ಎರಡನೆಯದು ನಿಜವಾದಷ್ಟೂ ಮನುಷ್ಯರ ಪಾಲು ಹೆಚ್ಚುತ್ತೆ.

'ಬ್ಯಾಕ್ಟೀರಿಯಾ ಮಾಡಿದ್ದು' ಅಂದ ಕೂಡಲೇ ಯಾರೂ ಕೈತೊಳೆದುಕೊಳ್ಳಬಾರದು. ಬ್ರಿಟಿಷ್ ಜಿಯಲಾಜಿಕಲ್ ಸರ್ವೆ ಬಾಂಗ್ಲಾದೇಶದ ಕೊಳವೆಬಾವಿಗಳ ನೀರು ಪರೀಕ್ಷಿಸಿ 1992ರಲ್ಲಿ ವರದಿ ಕೊಟ್ಟಿತ್ತು. ಅದರಲ್ಲಿ ಹಲವು ಧಾತುಗಳ ಲೆಕ್ಕ ಇತ್ತು, ಆರ್ಸೆನಿಕ್‌ದು ಇರಲಿಲ್ಲ. ಬಾಂಗ್ಲಾದೇಶದ ಹಳ್ಳಿಗರೊಬ್ಬರು ಇದನ್ನು ಲಂಡನ್ನಿನ ಕೋರ್ಟಿಗೆ ಒಯ್ದರು. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ವಜಾ ಮಾಡಿತು. ವರದಿ ಬರೆದವರಿಗೂ ಆ ನೀರು ಕುಡಿದವರಿಗೂ ನಡುವೆ ಕಾನೂನಿನ ಹೊಣೆ ಹುಟ್ಟಿಸುವಷ್ಟು ಹತ್ತಿರದ ಸಂಬಂಧ ಇಲ್ಲ ಅನ್ನೋದು ತೀರ್ಪಿನ ಸಾರ. ಕಾನೂನಿನ ಪ್ರಕಾರ ಸರಿ ಇರಬಹುದು, ನನಗದು ಜೀರ್ಣ ಆಗಿಲ್ಲ. ಅದೇ ಸಂಸ್ಥೆ ಬಾಂಗ್ಲಾದೇಶ ಸರಕಾರದ ಇಲಾಖೆಯ ಜೊತೆ ಸೇರಿ 2001ರಲ್ಲಿ ಇಡೀ ದೇಶದ ಆರ್ಸೆನಿಕ್ ನಕ್ಷೆ ಕೊಟ್ಟಿತು ಅನ್ನೋದನ್ನೂ ಹೇಳಬೇಕು. 150 ಮೀಟರಿಗಿಂತ ಕಡಿಮೆ ಆಳದ ಬಾವಿಗಳಲ್ಲಿ 27 ಶೇಕಡಾದಲ್ಲಿ ಆರ್ಸೆನಿಕ್ ಲೀಟರಿಗೆ 50 ಮೈಕ್ರೋಗ್ರಾಂ ಮೀರಿತ್ತು. ಅದು ಬಾಂಗ್ಲಾದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆಯ 10ರ ಮಿತಿ ಹಿಡಿದರೆ 46 ಶೇಕಡಾ.

ನಮ್ಮ ಕರ್ನಾಟಕದಲ್ಲೂ ಆರ್ಸೆನಿಕ್ ಇದೆಯಲ್ಲ ಅಂತ ಕೇಳುವವರಿಗೆ: ಇದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಜನರ ಚರ್ಮದ ಮೇಲೆ ಅದೇ ಗುರುತುಗಳಿದ್ದದ್ದನ್ನು ಚಕ್ರವರ್ತಿ ತಂಡ 2013ರಲ್ಲಿ ದಾಖಲಿಸಿದೆ. ಆದರೆ ಅದನ್ನು ಬಂಗಾಳದ ಖಾತೆಗೆ ಸೇರಿಸಬಾರದು. ಅದು ಮಂಗಳೂರು ಶಿಲಾಪಟ್ಟಿ ಅಂತ ಕರೆಯುವ ಹಳೆಯ ಚಿನ್ನದ ಗಣಿ ಪ್ರದೇಶ (ಕರಾವಳಿಯ ಮಂಗಳೂರಲ್ಲ), ಅಲ್ಲಿ ಚಿನ್ನ ಇರುವ ಬಂಡೆಯಲ್ಲೇ ಆರ್ಸೆನಿಕ್ ಖನಿಜ ಇದೆ. ಕಾರಣ ಬೇರೆ ಆದಾಗ ಪರಿಹಾರವೂ ಬೇರೆ.

ಇದೇ ಜಿಯೋಬ್ಯಾಕ್ಟರನ್ನು ವಿಷ ತೆಗೆಯಲು ಬಳಸಿದ್ದೂ ಉಂಟು. ಅಮೆರಿಕದ ಕೊಲರಾಡೋದ ರೈಫಲ್ ಎಂಬಲ್ಲಿ ಹಳೆಯ ಯುರೇನಿಯಂ ಸಂಸ್ಕರಣಾ ಘಟಕದ ಕೆಳಗಿನ ನೀರಿಗೆ 2002ರಲ್ಲಿ ಅಸಿಟೇಟ್ ಹಾಕಿದರು, ಬಾಟಲಿಯಲ್ಲಿ ಬಂಗಾಳದ ಮಣ್ಣಿಗೆ ಹಾಕಿದ್ದ ಅದೇ ಆಹಾರ. ಯುರೇನಿಯಂ ಎಲೆಕ್ಟ್ರಾನ್ ಪಡೆದಾಗ ಕರಗೋದು ಬಿಟ್ಟು ಗಟ್ಟಿಯಾಗುತ್ತೆ, ಕಬ್ಬಿಣಕ್ಕೆ ಉಲ್ಟಾ. ಕೆಲವು ವಾರಗಳಲ್ಲಿ ನೀರಿನ ಯುರೇನಿಯಂ ಇಳಿಯಿತು. ಆಮೇಲೆ ಕಬ್ಬಿಣ ಮುಗಿದು, ಸಲ್ಫೇಟ್ ಉಸಿರಾಡುವವರ ಸರದಿ ಬಂದಾಗ ಯುರೇನಿಯಂ ಮತ್ತೆ ಏರಿತು. ಒಂದೇ ಬ್ಯಾಕ್ಟೀರಿಯಾ, ಒಂದೇ ಉಸಿರು, ಒಂದು ಕಡೆ ವಿಷ ಬಿಡಿಸಿತು, ಇನ್ನೊಂದು ಕಡೆ ಸ್ವಲ್ಪ ಕಾಲ ಹಿಡಿದಿಟ್ಟಿತು.

ಬಾಂಗ್ಲಾದೇಶದಲ್ಲಿ ಲಕ್ಷಾಂತರ ಕೈಪಂಪುಗಳನ್ನು ಪರೀಕ್ಷಿಸಿ ವಿಷದ ಪಂಪಿಗೆ ಕೆಂಪು ಬಣ್ಣ, ಕುಡಿಯಬಹುದಾದ್ದಕ್ಕೆ ಹಸಿರು ಬಳಿದರು. ಬಣ್ಣ ಕಾಲಕ್ಕೆ ಮಾಸಿತು, ಹೊಸ ಬಾವಿಗಳು ಪರೀಕ್ಷೆ ಇಲ್ಲದೆ ಬಂದವು. ಈ ನಡುವೆ ಮತ್ಲಬ್ ಎಂಬ ಪ್ರದೇಶದಲ್ಲಿ ಕೈಯಲ್ಲೇ ಬಾವಿ ಕೊರೆಯುವ ಕೆಲಸಗಾರರು ಒಂದು ಲೆಕ್ಕ ಇಟ್ಟುಕೊಂಡಿದ್ದರು. ಕೊಳವೆಯಿಂದ ಬರುವ ಮರಳು ಕಪ್ಪು, ಬೂದು ಬಣ್ಣದ್ದಾದರೆ ಅಲ್ಲಿ ನಿಲ್ಲಿಸೋದಿಲ್ಲ, ಇನ್ನೂ ಕೆಳಗೆ ಹೋಗಿ ಕೆಂಪು ಮರಳು ಹುಡುಕುತ್ತಾರೆ. ಭೂವಿಜ್ಞಾನಿಗಳು ಬಂದು ನೀರು ಅಳೆದಾಗ ಲೆಕ್ಕ ಸರಿಯಿತ್ತು. ಕಪ್ಪು ಮರಳಿನ ನೀರಲ್ಲಿ ಆರ್ಸೆನಿಕ್ ಹೆಚ್ಚು, ಕೆಂಪು ಮರಳಿನ ನೀರಲ್ಲಿ ಕಡಿಮೆ. ಕೆಂಪು ಅಂದರೆ ಅಲ್ಲಿನ ತುಕ್ಕನ್ನು ಬ್ಯಾಕ್ಟೀರಿಯಾ ಇನ್ನೂ ಉಸಿರಾಡಿ ಮುಗಿಸಿಲ್ಲ.